ನೀರಿನಡಿಯ ಹೂಂ

ನನ್ನ ಸ್ನೇಹಿತ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಹೃದಯಾಘಾತ. ಐವತ್ತೆಂಟು ವರ್ಷವಾಗಿತ್ತು.

ಅವನು ಈಜುಕೊಳದಲ್ಲಿ ಡೈವಿಂಗ್ ಕಲಿಸುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ನೀರಿನಲ್ಲಿ ಯಾವುದಕ್ಕೂ ಅವಸರಪಡದ ಅವನಿಗೆ ಕಲಿಯುವವರು ಇಟ್ಟ ಹೆಸರು ಆಮೆ ಮೇಷ್ಟ್ರು.

ಅವರೆಲ್ಲ ಹೆದರುತ್ತಿದ್ದದ್ದು ಒಂದೇ ಪಾಠಕ್ಕೆ: ಕೊಳದ ತಳದಲ್ಲಿ ಕೂತು, ಕಣ್ಣು ಮೂಗು ಮುಚ್ಚುವ ಮಾಸ್ಕ್ ತೆಗೆಯುವುದು. ಬಾಯಲ್ಲಿ ಗಾಳಿಯ ಕೊಳವೆ ಇರುತ್ತದೆ, ಉಸಿರಿಗೆ ಕೊರತೆಯಿಲ್ಲ. ಆದರೂ ತಣ್ಣೀರು ಮುಖಕ್ಕೆ ತಾಗಿದೊಡನೆ ಬುದ್ಧಿ ಕೈಕೊಡುತ್ತದೆ, ಮೂಗು ನೀರನ್ನೇ ಎಳೆದುಕೊಳ್ಳುತ್ತದೆ.

"ಬಾಯಲ್ಲಿ ಉಸಿರು ಎಳ್ಕೊಳ್ಳಿ, ಮೂಗಲ್ಲಿ ಹೂಂ ಅನ್ನಿ. ಹೆಂಡ್ತಿ ಮಾತಾಡುವಾಗ ಅಂತೀರಲ್ಲ, ಹಾಗೆ."

"ಮದುವೆ ಆಗಿಲ್ಲ ಸಾರ್."

"ಹಾಗಾದ್ರೆ ಅಮ್ಮ ಬೈಯುವಾಗ."

ಹೂಂ ಎಂದಾಗ ಗಾಳಿ ಮೂಗಿನಿಂದ ಹೊರಡುತ್ತದೆ, ನೀರು ಒಳಗೆ ಬರುವುದಿಲ್ಲ. ಇಷ್ಟೇ ವಿದ್ಯೆ. ಅದನ್ನು ಅವನು ಕಲಿತದ್ದು ಊಟದ ಮೇಜಿನಲ್ಲಿ. ಅವನ ಹೆಂಡತಿ, ನಾನು ಅತ್ತಿಗೆ ಎನ್ನುತ್ತಿದ್ದವರು, ತಮ್ಮ ಹೊಲಿಗೆ ಅಂಗಡಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು: ಯಾರ ಅಂಗಿಯ ತೋಳು ಗಿಡ್ಡವಾಯಿತು, ಯಾರು ಜಗಳ ತೆಗೆದರು. ಇವನು ತಟ್ಟೆ ನೋಡುತ್ತ ಹೂಂಗುಟ್ಟುತ್ತಿದ್ದ. "ಗೋಡೆಗೆ ಹೇಳಿದ್ರೂ ಇಷ್ಟೇ," ಎಂದು ಅವರು ರೇಗಿದರೆ ಅದಕ್ಕೂ ಹೂಂ.

ಕಳೆದ ವರ್ಷ ಅತ್ತಿಗೆ ತೀರಿಹೋದರು. ಮಕ್ಕಳಿರಲಿಲ್ಲ. ಊಟಕ್ಕೆ ಕೂತಾಗ ರೇಡಿಯೊ ಹಾಕಿಕೊಳ್ಳುತ್ತಿದ್ದ, ಸ್ವಲ್ಪ ದಿನಕ್ಕೆ ಅದನ್ನೂ ಬಿಟ್ಟ. "ನಾನು ಹೂಂ ಅನ್ನೋವರೆಗೂ ಅದು ಕಾಯಲ್ಲ ಕಣೋ," ಎಂದ.

ಆಮೇಲೆ ಒಂದು ದಿನ ಪಾಠದ ನಡುವೆ ಮಾಸ್ಕ್ ತೆಗೆದು ತೋರಿಸಲು ಹೋಗಿ ಅವನೇ ಕೆಮ್ಮುತ್ತ ಮೇಲೆ ಬಂದ. ಮರುದಿನವೂ ಹಾಗೇ ಆಯಿತು. ಆ ಪಾಠವನ್ನು ಕಿರಿಯ ಶಿಕ್ಷಕಿಗೆ ಬಿಟ್ಟುಕೊಟ್ಟ. ಆದರೆ ಈ ಗುರುವಾರ ಶಿಕ್ಷಕರ ವಾರ್ಷಿಕ ಪರೀಕ್ಷೆಯಿತ್ತು. ಮಾಸ್ಕಿಲ್ಲದೆ ಒಂದು ನಿಮಿಷ ತಳದಲ್ಲಿರಬೇಕು. ಆಗದಿದ್ದರೆ ಇನ್ನು ಕಲಿಸುವ ಹಾಗಿಲ್ಲ. ಕೊಳವೂ ತಪ್ಪಿದರೆ ಅವನಿಗೆ ಉಳಿಯುತ್ತಿದ್ದದ್ದು ಆ ಮನೆಯೊಂದೇ.

"ಕೆಳಗೆ ಅವಳು ಮಾತಾಡ್ತಿದ್ದಾಳೆ ಅಂದ್ಕೊಂಡೇ ಇಷ್ಟು ವರ್ಷ ಹೂಂ ಅಂದೆ. ಈಗ ಯಾರಿಗೆ ಅನ್ನಲಿ?"

ಸೋಮವಾರ ಸಂಜೆ ಅವನ ಜೊತೆ ನಾನೂ ಇಳಿದೆ. ಎರಡು ಸಲ ಅವನು ನೀರು ಕುಡಿದು ಮೇಲಕ್ಕೆ ಓಡಿದ. ಮೂರನೆಯ ಸಲ ಮಾಸ್ಕ್ ಕಳಚಿದಾಗ ನಾನು ಕೊಳವೆ ಕಚ್ಚಿಕೊಂಡೇ ಮಾತಾಡತೊಡಗಿದೆ: ನನ್ನ ಸ್ಕೂಟರು, ಅದರ ಮೆಕ್ಯಾನಿಕ್ಕು, ಅವನು ಹೇಳುವ ಸುಳ್ಳುಗಳು. ನೀರಿನಲ್ಲಿ ಅದು ಬರೀ ಗೊರಗೊರ ಸದ್ದು. ಅವನ ಮೂಗಿನಿಂದ ಗುಳ್ಳೆಗಳು ಎದ್ದವು. ನಿಂತವು, ಮತ್ತೆ ಎದ್ದವು. ನಿಮಿಷ ಕಳೆದು ನಾನು ಮಾಸ್ಕ್ ಚಾಚಿದರೆ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದ.

ಮೇಲೆ ಬಂದು ಕೇಳಿದ, "ಏನೋ ಅದು, ಅಷ್ಟೊತ್ತು ಒದರ್ತಿದ್ದೆ?"

"ಸ್ಕೂಟರ್ ರಿಪೇರಿ ಕತೆ."

"ಬಾಕಿ ಇದ್ರೆ ಈಗ ಹೇಳಬೇಡ. ಗುರುವಾರಕ್ಕೆ ಇಟ್ಕೋ."

ಬಟ್ಟೆ ಬದಲಿಸಿದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಕಚೇರಿಯ ಗೋಡೆಗೆ ಅಂಟಿಸಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲರ ಕೆಳಗೆ ತನ್ನ ಹೆಸರು ಬರೆದ.