ಕೇಳಿಸಬೇಕಾದ ಎರಡು ಗುಂಡು

ಪಕ್ಕದ ಮನೆಯವರು ಅಡುಗೆಮನೆ ಒಡೆದು ಹೊಸದು ಮಾಡಿಸುತ್ತಿದ್ದಾರೆ. ಬೆಳಗ್ಗೆ ಎಂಟಕ್ಕೆ ಶುರುವಾದರೆ ಸಂಜೆಯವರೆಗೆ ಡ್ರಿಲ್ಲು, ಗರಗಸ, ಸುತ್ತಿಗೆ. ಮನೆಯಿಂದಲೇ ಆಫೀಸು ಮಾಡುವ ನನಗೆ ತಲೆ ಚಿಟ್ಟು ಹಿಡಿದು, ಮೊನ್ನೆ ಕಿವಿಗೆ ಹಾಕಿಕೊಳ್ಳುವ ಹಳದಿ ಸ್ಪಂಜಿನ ಬಿರಡೆಗಳ ಡಬ್ಬಿಯೊಂದನ್ನು ತಂದೆ. ಒಂದನ್ನು ತೆಗೆದು, ಬತ್ತಿ ಹೊಸೆದ ಹಾಗೆ ಬೆರಳುಗಳ ನಡುವೆ ಹೊಸೆದು ಕಿವಿಗೆ ತುರುಕಿದೆ. ಸ್ಪಂಜು ಒಳಗೆ ನಿಧಾನವಾಗಿ ಉಬ್ಬಿತು. ಹೊರಗಿನ ಸದ್ದು ದೂರವಾಗಿ ನನ್ನ ಉಸಿರು ಮಾತ್ರ ನನಗೆ ಕೇಳತೊಡಗಿತು. ಅಷ್ಟೇ... ಇಪ್ಪತ್ತು ವರ್ಷಕ್ಕೂ ಹಿಂದಿನ ಕೆಳಮನೆ ಅಂಕಲ್ ಎದುರಿಗೆ ಬಂದು ನಿಂತರು. ಹೀಗೆ ಹೊಸೆದು ಹಾಕಿಕೊಳ್ಳುವುದನ್ನು ನನಗೆ ಕಲಿಸಿದವರು ಅವರೇ.

ಆಗ ನಾನು ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಒಂದು ಎರಡಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ, ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದೆ. ಸಾಂಟಾ ಕ್ಲಾರಾದ ಒಂದು ಡಾಟ್‌ಕಾಮ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಆಫೀಸಿನಲ್ಲಿ ಪಿಂಗ್‌ಪಾಂಗ್ ಟೇಬಲ್ಲು, ಬಿಟ್ಟಿ ಪಿಜ್ಜಾ, ಲೋಕವನ್ನೇ ತಲೆಕೆಳಗು ಮಾಡಿಬಿಡುತ್ತೇವೆನ್ನುವ ಹುರುಪು. ಆದರೆ ಶುಕ್ರವಾರ ಸಂಜೆ ಬೈ ಎಂದರೆ ಸೋಮವಾರ ಬೆಳಗ್ಗೆ ಹಾಯ್ ಎನ್ನುವವರೆಗೆ ಬಾಯಿ ತೆರೆಯುವ ಪ್ರಮೇಯವೇ ಇರಲಿಲ್ಲ. ಮೈಸೂರಿನಲ್ಲಿ ನನ್ನ ವಟವಟ ತಡೆಯಲಾರದೆ ಅಮ್ಮ ಕೈ ಮುಗಿಯುತ್ತಿದ್ದರು. ಅಂಥವಳು ಇಲ್ಲಿ ಶನಿವಾರಗಳಲ್ಲಿ ಗ್ರೋಸರಿ ಅಂಗಡಿಗೆ ಹೋಗಿ, ಬೇಡದ ಸಾಮಾನಿನ ಬಗ್ಗೆ ವಿಚಾರಿಸಿ, ಯಾರ ದನಿಯನ್ನಾದರೂ ಕೇಳಿಸಿಕೊಂಡು ಬರುತ್ತಿದ್ದೆ. ನಗಬೇಡಿ, ನಿಜ.

ಒಂದು ದಿನ ಬಾಲ್ಕನಿಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಜಗಳ ಆಡುತ್ತಿದ್ದೆ. ಕೆಳಗಿನಿಂದ ಒಬ್ಬ ಹೆಂಗಸಿನ ದನಿ ಬಂತು: "ಪಾಪ, ಅಮ್ಮಂಗೆ ಹಾಗೆಲ್ಲ ಹೇಳ್ಬೇಡ ಮಗೂ!" ಬಗ್ಗಿ ನೋಡಿದರೆ ಬಿಳಿ ಕೂದಲಿನ, ದುಂಡುಮುಖದ ಆಂಟಿ. ಪಕ್ಕದಲ್ಲಿ ಕೋಲಿನ ಹಾಗೆ ನೆಟ್ಟಗೆ ನಿಂತ ಅಂಕಲ್. ಕೊಡಗಿನವರು. ಅಂಕಲ್ ಎಂದೋ ಎಳೆ ಹರೆಯದಲ್ಲಿ ಬಂದು, ಕಂಪ್ಯೂಟರ್ ಚಿಪ್ಪಿನ ಕಾರ್ಖಾನೆಗಳಿಗೆ ಲೋಹದ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ದುಡಿದು ರಿಟೈರಾಗಿದ್ದರು. ಮಕ್ಕಳಿರಲಿಲ್ಲ. ಅವತ್ತಿನಿಂದ ನನ್ನ ಶನಿವಾರಗಳಿಗೊಂದು ಮನೆ ಸಿಕ್ಕಿತು. "ನಮ್ಮ ಹಂದಿ ಸಾರು ನಿಂಗೆ ಬೇಡ" ಎಂದು ಆಂಟಿ ನನಗೆ ಬೇರೆ ಪಾತ್ರೆಯಲ್ಲೇ ನೂಪುಟ್ಟು ಮಾಡಿ, ಜೇನು ಹಾಕಿ ಕೊಡುತ್ತಿದ್ದರು. ನೂಪುಟ್ಟೆಂದರೆ ಬೇರೇನಲ್ಲ, ನಮ್ಮ ಒತ್ತುಶ್ಯಾವಿಗೆಯೇ.

ಅವರ ಮನೆಯಲ್ಲಿ ಬೀಗ ಹಾಕಿದ ಬೀರುವಿನಲ್ಲಿ ಎರಡು ರೈಫಲ್ಲುಗಳಿದ್ದವು. ಎರಡೂ ಪಾಯಿಂಟ್ ಟೂ ಟೂ. ತೋಟಾ ನೋಡಿದರೆ ನನ್ನ ಕಿರುಬೆರಳಿನ ತುದಿಯಷ್ಟು. ಕೈಲ್‌ಪೊಳ್ದ್ ಹಬ್ಬದ ದಿನ ಅವನ್ನು ದೇವರ ಪಟದ ಕೆಳಗಿಟ್ಟು, ಬಾಲ್ಕನಿಯ ಕುಂಡದಲ್ಲಿ ಅರಳಿದ ಚೆಂಡುಹೂವನ್ನು ನಳಿಗೆಗೆ ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. "ಊರಲ್ಲಿ ಹಂದಿ ಹೊಡೆಯೋ ಕೋವಿ ಎಲ್ಲಿ, ಈ ಕಡ್ಡಿ ಎಲ್ಲಿ!" ಎಂದು ತಾವೇ ಹಾಸ್ಯ ಮಾಡಿಕೊಳ್ಳುವರು. ತಿಂಗಳಿಗೊಮ್ಮೆ ಗುಡ್ಡದ ಮೇಲಿನ ಶೂಟಿಂಗ್ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆದು ಬರುತ್ತಿದ್ದರು. ಆಂಟಿ ಕಾರಿನಲ್ಲಿ ಕೂತು ಸ್ವೆಟರ್ ಹೆಣೆಯುವರು.

ನಾನು ಬಂದ ಎರಡನೆಯ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ.

ಕೊಡವರಲ್ಲಿ ಒಂದು ಪದ್ಧತಿ. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸಬೇಕು. ಆಚೆ ಗುಡ್ಡ, ಈಚೆ ಗುಡ್ಡದಲ್ಲಿ ಚದುರಿದ ಮನೆಗಳಿಗೆ ಅದೇ ಸುದ್ದಿ. ಆ ಎರಡು ಸದ್ದು ಕೇಳಿದವರು ಗದ್ದೆಯಲ್ಲಿರಲಿ, ಊಟಕ್ಕೆ ಕೂತಿರಲಿ, ಎದ್ದು ಹೊರಡಬೇಕು. ಜಗಳ ಆಡಿ ಮಾತು ಬಿಟ್ಟವರೂ ಹೊರಡಬೇಕು. ಇದನ್ನೆಲ್ಲ ಅಂಕಲ್ ನನಗೆ ಹೇಳಿದ್ದು ಆಂಟಿಯ ದೇಹ ಇನ್ನೂ ಒಳಕೋಣೆಯಲ್ಲಿದ್ದಾಗ, ಬೀರುವಿನ ಬೀಗದ ಕೈಯನ್ನು ಅಂಗೈಯಲ್ಲಿ ಬಿಗಿಹಿಡಿದು ನಿಂತಿದ್ದಾಗ. ಇಲ್ಲಿ ಗುಂಡು ಹಾರಿಸಿದರೆ ಐದು ನಿಮಿಷಕ್ಕೆ ಪೊಲೀಸ್ ಕಾರು ಬರುತ್ತದೆ, ಪಕ್ಕದ ಮನೆಯ ಮಕ್ಕಳು ಹೆದರುತ್ತವೆ... ಅವರಿಗೂ ಗೊತ್ತಿತ್ತು. ಅಂತ್ಯಕ್ರಿಯೆ ಮಾಡಿಸುವ ಫ್ಯೂನರಲ್ ಹೋಮಿನವನನ್ನು ಕೇಳಿದರು. ಅವನು ಬಹಳ ಮರ್ಯಾದೆಯಿಂದ ಆಗುವುದಿಲ್ಲವೆಂದ. ಆಂಟಿಯನ್ನು ಸದ್ದಿಲ್ಲದೆ ಕಳಿಸಿದೆವು. ನಾವು ಏಳು ಜನ ಇದ್ದೆವು.

ಆಮೇಲಿನ ದಿನಗಳಲ್ಲಿ ಅಂಕಲ್ ಬಾಯಲ್ಲಿ ಒಂದೇ ಮಾತು. "ಅವಳು ಹೋದದ್ದು ಯಾರಿಗೂ ತಿಳೀಲಿಲ್ಲ ಮಗೂ. ಹೇಳದೆ ಕಳಿಸ್ಬಿಟ್ಟೆ." ಊರಿಗೆ ಫೋನ್ ಮಾಡಿದ್ದೀರಲ್ಲ ಅಂಕಲ್, ಎಲ್ಲರಿಗೂ ಗೊತ್ತಲ್ಲ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅವರು ತಲೆ ಅಲ್ಲಾಡಿಸುವರು. ಊಟ ಅರ್ಧಕ್ಕೆ ಇಳಿದಿತ್ತು. ಪಕ್ಕದ ಸೀಟು ಖಾಲಿ ಇರುತ್ತದೆಂದು ಕಾರು ಓಡಿಸುವುದನ್ನೂ ಬಿಟ್ಟರು.

ಹಾಗಾಗಿ ರೇಂಜಿಗೆ ನಾನೇ ಕರೆದೊಯ್ಯತೊಡಗಿದೆ. ನನ್ನ ವೀಸಾಕ್ಕೂ ಬಂದೂಕಿಗೂ ಆಗಿಬರುವುದಿಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದರು, ಮುಟ್ಟಲು ಬಿಡುತ್ತಿರಲಿಲ್ಲ. ಹಳದಿ ಬಿರಡೆ ಹೊಸೆದುಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸುವರು. ಅಲ್ಲಿ ಸಾಲಾಗಿ ಇಪ್ಪತ್ತು ಜನ, ಬೆಳಗ್ಗೆಯಿಂದ ಢಂ ಢಮಾರ್. ಒಂದು ಶನಿವಾರ ಅವರು ಎರಡೇ ಎರಡು ಗುಂಡು ಹೊಡೆದು, ರೈಫಲ್ ಕೆಳಗಿಟ್ಟು, ಸುತ್ತ ನೋಡಿದರು. ಯಾರೂ ತಿರುಗಲಿಲ್ಲ. ಹೇಗೆ ತಿರುಗುತ್ತಾರೆ? ಎಲ್ಲರ ಕಿವಿಯ ಮೇಲೂ ಬಟ್ಟಲಿನಂಥ ಮುಚ್ಚಳ. ನಾನೂ ಬಿರಡೆ ಹಾಕಿಕೊಂಡು ಚಕ್ಕುಲಿ ತಿನ್ನುತ್ತಿದ್ದೆ. ಅಂಕಲ್ ರೈಫಲ್ಲನ್ನು ಚೀಲಕ್ಕೆ ಹಾಕಿ ಹೊರಟರು. ಮನೆ ಬಂದಾಗ, "ಎಲ್ಲರೂ ಕಿವಿ ಮುಚ್ಕೊಂಡಿರೋ ಜಾಗದಲ್ಲಿ ಆಗಲ್ಲ" ಎಂದರು. ಆಗಲೇ ನನಗೆ ಅವರೇನು ಮಾಡಲು ಹೋಗಿದ್ದರೆಂದು ತಿಳಿದದ್ದು.

ರೇಂಜಿನಲ್ಲಿ ಅವರಿಗೊಬ್ಬ ಸ್ನೇಹಿತರಿದ್ದರು. ಬಡಗಿ ಕೆಲಸ ಮಾಡಿ ರಿಟೈರಾದ ಅಮೆರಿಕನ್ ಮುದುಕ. ನೆವಾಡಾದಲ್ಲಿ ಬಯಲು ಸೀಮೆಯ ಜಮೀನು ಕೊಂಡು ಅಲ್ಲಿಗೆ ಹೋಗಿಬಿಟ್ಟಿದ್ದರು. ಬನ್ನಿ, ನನ್ನದೇ ರೇಂಜು ಮಾಡಿಕೊಂಡಿದ್ದೇನೆ, ಹೊಸ ಸಪ್ರೆಸರ್ ತಂದಿದ್ದೇನೆ, ಹೊಡೆದು ನೋಡುವಿರಂತೆ ಎಂದು ಫೋನಿನ ಮೇಲೆ ಫೋನು. ಸಪ್ರೆಸರ್ ಎಂದರೆ ನಳಿಗೆಯ ತುದಿಗೆ ತಿರುಪಿ ಕೂರಿಸುವ ಕೊಳವೆ; ಗುಂಡಿನ ಸದ್ದನ್ನು ನುಂಗಿಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಮ್ಮಂಥವರು ಇಟ್ಟುಕೊಳ್ಳುವಂತಿಲ್ಲ, ಅಲ್ಲಿ ಕಾಗದಪತ್ರ ಮಾಡಿಸಿದರೆ ಸಲ್ಲುತ್ತದೆ. ಅಂಕಲ್ಲಿಗೆ ಕೊಳವೆಯ ಆಸೆಗಿಂತ ಖಾಲಿ ಬಯಲಿನ ಆಸೆ. ಆಂಟಿಯ ವರ್ಷದ ದಿನಕ್ಕೇ ಹೋಗೋಣವೆಂದರು. ನಾನು ರಜೆ ಹಾಕಿದೆ. ನಸುಕಿಗೇ ಹೊರಟು, ಹಿಮ ಬಿದ್ದ ಘಟ್ಟ ದಾಟಿ, ಮಧ್ಯಾಹ್ನಕ್ಕೆ ತಲುಪಿದೆವು.

ಅಬ್ಬಾ, ಅದೆಂಥ ಬಯಲು! ಕಣ್ಣು ಹಾಯುವವರೆಗೆ ಮೋಟು ಗಿಡಗಳು, ದೂರದಲ್ಲಿ ಬೋಳು ಬೆಟ್ಟ. ಒಂದು ಮಣ್ಣಿನ ದಿಬ್ಬದ ಮುಂದೆ ಕಬ್ಬಿಣದ ತಟ್ಟೆಗಳನ್ನು ನೇತುಹಾಕಿದ್ದರು. ಸ್ನೇಹಿತರು ತಮ್ಮ ಎರಡು ಸಣ್ಣ ರೈಫಲ್ಲುಗಳಿಗೂ ಸರದಿಯಂತೆ ಕೊಳವೆ ಹಾಕಿ ತೋರಿಸಿದರು, ಮೊಮ್ಮಗನನ್ನು ತೋರಿಸುವ ಸಂಭ್ರಮದಲ್ಲಿ. ಅಂಕಲ್ ಹೊಡೆದರು. ಏನಾಶ್ಚರ್ಯ, ಬಾಟಲಿಯ ಮುಚ್ಚಳ ತೆಗೆದಂತೆ ಒಂದು ಸಣ್ಣ 'ಪುಸ್', ಆಮೇಲೆ ದೂರದ ತಟ್ಟೆ 'ಟಣ್'. ಅಷ್ಟೇ! ಬಂದೂಕಿನ ಕುದುರೆ ಎಳೆದು ಗುಂಡು ಹಾರಿದ್ದು ಗೊತ್ತೇ ಆಗುವುದಿಲ್ಲ. ವರ್ಕ್‌ಶಾಪಿನ ಹಳೆಯ ಕೈ ಅಲ್ಲವೇ, ಅಂಕಲ್ ಕೊಳವೆ ಬಿಚ್ಚಿ, ತಿರುಪನ್ನು ಬೆರಳಿನಿಂದ ಸವರಿ, ಒಳ್ಳೆ ಕೆಲಸ ಎಂದು ತಲೆದೂಗಿದರು. ಒಂದು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ.

ಆ ನಗು ನೋಡಿ ನನ್ನ ಎಲುಬಿಲ್ಲದ ನಾಲಿಗೆ ಸುಮ್ಮನಿರಬೇಡವೇ? "ಅಂಕಲ್, ಇದು ಮೊದಲೇ ಸಿಕ್ಕಿದ್ರೆ ಅಪಾರ್ಟ್‌ಮೆಂಟಲ್ಲೇ ಹೊಡೀಬಹುದಿತ್ತಲ್ವಾ! ಈಗ್ಲೂ ಇದರಲ್ಲೇ ಆಂಟಿಗೆ ಎರಡು ಹೊಡೆದ್ಬಿಡಿ. ಯಾರಿಗೂ ಗೊತ್ತಾಗಲ್ಲ, ಶಾಸ್ತ್ರನೂ ಆಗತ್ತೆ" ಎಂದೆ. ಬಹಳ ಬುದ್ಧಿವಂತಿಕೆಯ ಮಾತಾಡಿದೆ ಎಂದುಕೊಂಡಿದ್ದೆ. ನಮ್ಮ ಮನೆಗಳಲ್ಲಿ ಹಾಗೇ ತಾನೇ? ಪುರೋಹಿತರು ತಮ್ಮಷ್ಟಕ್ಕೆ ಮಂತ್ರ ಗೊಣಗುತ್ತಾರೆ, ಅಪ್ಪ ಎಳ್ಳುನೀರು ಬಿಡುತ್ತಾರೆ, ಯಾರು ಕೇಳಿದರೇನು, ಬಿಟ್ಟರೇನು, ತಲುಪಬೇಕಾದವರಿಗೆ ತಲುಪುತ್ತದೆ.

ಅಂಕಲ್ ನಗು ಅಲ್ಲೇ ಆರಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾರಿಗೂ ಗೊತ್ತಾಗ್ಬಾರ್ದು ಅಂತ ಹೊಡೀತಾರಾ ಮಗೂ? ಅದು ಸತ್ತವರಿಗಲ್ಲ. ಇರೋರಿಗೆ. ಬನ್ನಿ, ನನ್ನೊಬ್ಬನ ಕೈಲಿ ಆಗಲ್ಲ ಅಂತ."

ವರ್ಷವಿಡೀ ಅವರು ಹೇಳುತ್ತಿದ್ದುದು ಇದನ್ನೇ. ನಾನು ವರ್ಷವಿಡೀ ಸಮಾಧಾನ ಹೇಳುತ್ತಿದ್ದೆನೇ ಹೊರತು ಕೇಳಿಸಿಕೊಂಡಿರಲಿಲ್ಲ. ಅವರು ಸ್ನೇಹಿತರಿಗೆ ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಆ ಮುದುಕ ಸುಮ್ಮನೆ ಕೇಳಿ, ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ಆಕಾಶಕ್ಕೆ ಬೇಡ, ದಿಬ್ಬಕ್ಕೆ ಹೊಡಿ ಎಂದಷ್ಟೇ ಹೇಳಿದರು. ಅಂಕಲ್ ತಮ್ಮ ಹಳೆಯ ರೈಫಲ್ಲನ್ನೇ ಕೈಗೆತ್ತಿಕೊಂಡು, ಕಾಲು ಮೈಲಿ ದೂರದಲ್ಲಿದ್ದ ಜಮೀನಿನ ಗೇಟನ್ನು ನನಗೆ ತೋರಿಸಿದರು.

"ಅಲ್ಲಿ ಹೋಗಿ ನಿಲ್ಲು. ಎರಡು ಕೇಳಿಸಿದ್ರೆ ಹೊರಟು ಬಾ. ಕೇಳಿಸ್ದೆ ಇದ್ರೆ ಬರ್ಬೇಡ. ನನ್ನ ಸಮಾಧಾನಕ್ಕೆ ಅಂತ ಮಾತ್ರ ಬರ್ಬೇಡ."

ನಡೆದೆ. ಗೇಟಿನ ಹತ್ತಿರ ನಿಂತು, ನಡೆಯುವಾಗ ಅಭ್ಯಾಸಬಲದಿಂದ ಕಿವಿಗೆ ಹಾಕಿಕೊಂಡಿದ್ದ ಬಿರಡೆ ತೆಗೆದೆ. ಗಾಳಿ ಬುರ್ರೆಂದು ಬೀಸುತ್ತಿತ್ತು. ಅವರಿಬ್ಬರೂ ಅಲ್ಲಿ ಎರಡು ಕಡ್ಡಿಗಳ ಹಾಗೆ ಕಾಣುತ್ತಿದ್ದರು. ಎಷ್ಟು ಹೊತ್ತಾದರೂ ಏನೂ ಕೇಳಲಿಲ್ಲ. ಹೊಡೆದುಬಿಟ್ಟರೋ ಏನೋ, ಗಾಳಿಯಲ್ಲಿ ಹಾರಿಹೋಯಿತೋ ಏನೋ ಎಂದು ಗೇಟು ಹಿಡಿದು ಕತ್ತು ಚಾಚಿದೆ. ಆ ಕಡ್ಡಿ ರೈಫಲ್ಲಿನ ಸದ್ದೇ ಎಷ್ಟರದು! ಕೇಳಿಸದೆ ಹೋದರೆ ಸುಳ್ಳಿಗಾದರೂ ಹೋಗಿಬಿಡಲೇ ಎಂದೂ ಅನ್ನಿಸಿತು. ದೇವರೇ, ಗಾಳಿ ಒಂದು ಗಳಿಗೆ ನಿಲ್ಲಲಿ ಎಂದು ಬೇಡಿಕೊಂಡೆ...

ಚಟ್. ಒಂದು ಉಸಿರಿನಷ್ಟು ಬಿಡುವು. ಚಟ್.

ಒಣಪುಳ್ಳೆ ಮುರಿದಷ್ಟೇ ಸದ್ದು. ಆದರೆ ಕೇಳಿಸಿತು, ಆಣೆ ಮಾಡಿ ಹೇಳುತ್ತೇನೆ. ಆಂಟಿ ಸತ್ತದ್ದು ನನಗೆ ನಿಜವಾಗಿ ಗೊತ್ತಾದದ್ದೂ ಆಗಲೇ ಇರಬೇಕು. ಒಂದು ವರ್ಷ ಕಣ್ಣಲ್ಲಿ ನೀರು ಹಾಕದವಳು ಅಳುತ್ತಾ ಓಡಿದೆ. ಮುಳ್ಳುಗಿಡ ಕಾಲನ್ನು ತರಚಿತು, ಒಂದು ಚಪ್ಪಲಿ ಎಲ್ಲೋ ಉಳಿಯಿತು. ಸ್ನೇಹಿತರು ಟೋಪಿ ತೆಗೆದು ಪಕ್ಕಕ್ಕೆ ಸರಿದು ನಿಂತಿದ್ದರು. ಅಂಕಲ್ ರೈಫಲ್ ಕೆಳಗಿಟ್ಟು, ಮನೆಬಾಗಿಲಲ್ಲಿ ನಿಂತವರ ಹಾಗೆ ಕೈಕಟ್ಟಿ ನನ್ನ ದಾರಿ ಕಾಯುತ್ತಿದ್ದರು.

"ಬಂದ್ಯಾ" ಎಂದರು.

"ಬಂದೆ ಅಂಕಲ್."

"ಹೋಗ್ಬಿಟ್ಳು ಮಗೂ" ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಆಗಷ್ಟೇ ಸತ್ತಿದ್ದಾರೇನೋ ಎನ್ನುವ ಹಾಗೆ.

ವಾಪಸು ಬರುವಾಗ ಘಟ್ಟ ಇಳಿಯುವವರೆಗೆ ನಿದ್ದೆ ಮಾಡಿದರು. ಎಚ್ಚರವಾದಾಗ, "ನನ್ನದಾದಾಗ ಯಾರು ಹೊಡೀತಾರೋ" ಎಂದರು. ನಾನು, "ಬಿಡ್ತು ಅನ್ನಿ ಅಂಕಲ್, ಎಂಥ ಮಾತು" ಎಂದು ಗದರಿಸಿ, ಊಟಕ್ಕೆ ಎಲ್ಲಿ ನಿಲ್ಲಿಸೋಣ ಎಂದು ಮಾತು ತಿರುಗಿಸಿದೆ.

ಅದೇ ವಸಂತದಲ್ಲಿ ನಮ್ಮ ಕಂಪನಿ ಬಾಗಿಲು ಹಾಕಿತು. ಪಿಂಗ್‌ಪಾಂಗ್ ಟೇಬಲ್ಲನ್ನು ಯಾರೋ ಹೊತ್ತೊಯ್ಯುವುದನ್ನು ನೋಡುತ್ತಾ ನಾವೆಲ್ಲ ರಟ್ಟಿನ ಡಬ್ಬಿ ಹಿಡಿದು ಪಾರ್ಕಿಂಗಿನಲ್ಲಿ ನಿಂತಿದ್ದೆವು. ವೀಸಾ ಉಳಿಸಿಕೊಳ್ಳಲು ಸಿಕ್ಕಿದ ಕೆಲಸ ಹಿಡಿದು ನ್ಯೂಜೆರ್ಸಿಗೆ ಹೋದೆ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ತಿಂಗಳಿಗೊಂದು. ಮದುವೆ, ಹೊಸ ಮನೆ, ಮಗು... ನೆವ ಹೇಳಲು ಏನು, ಬೇಕಾದಷ್ಟಿವೆ. ಒಂದು ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ನೆನಪಾಗಿ ಫೋನ್ ಮಾಡಿದರೆ ಆ ನಂಬರೇ ಇಲ್ಲವೆಂದು ಯಂತ್ರ ಹೇಳಿತು. ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮನನ್ನು ಹುಡುಕಿ ಕೇಳಿದೆ. ಅಂಕಲ್ ಹೋಗಿ ನಾಲ್ಕು ತಿಂಗಳಾಗಿತ್ತು. ಯಾರಿಗೆ ತಿಳಿಸಬೇಕೆಂದು ನಮಗೆ ಗೊತ್ತಾಗಲಿಲ್ಲ ಎಂದಳು ಆಕೆ, ಪಾಪ. ಆ ರೇಂಜಿನ ಸ್ನೇಹಿತರು ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಈಗ ಮಗನ ಓದಿನ ನೆಪದಲ್ಲಿ ಕ್ಯುಪರ್ಟಿನೋಗೆ ಬಂದು ನೆಲೆಸಿದ್ದೇವೆ. ಆ ಅಪಾರ್ಟ್‌ಮೆಂಟಿಗೆ ಇಲ್ಲಿಂದ ಹದಿನೈದು ನಿಮಿಷ. ವಾರಕ್ಕೊಮ್ಮೆಯಾದರೂ ಅದರ ಮುಂದೆ ಹಾದುಹೋಗುತ್ತೇನೆ, ನಿಲ್ಲಿಸುವುದಿಲ್ಲ. ಆ ನಾಲ್ಕು ತಿಂಗಳು ನಾನು ಏನು ಮಾಡುತ್ತಿದ್ದೆ ಎಂದು ಲೆಕ್ಕ ಹಾಕುತ್ತೇನೆ. ಆಫೀಸಿಗೆ ಹೋಗಿದ್ದೇನೆ, ಸಿನಿಮಾ ನೋಡಿದ್ದೇನೆ, ಸೋಫಾ ಕೊಂಡಿದ್ದೇನೆ. ಒಂದು ದಿನವೂ ತಲೆಯೆತ್ತಿ, ಏನೋ ಸದ್ದಾಯಿತಲ್ಲ ಎಂದುಕೊಂಡದ್ದಿಲ್ಲ. ಸದ್ದು ಮಾಡುವವರು ಯಾರಿದ್ದರು?

ಕೇಳಿಸಿದ್ದರೆ ಹೊರಟು ಬರುತ್ತಿದ್ದೆ, ಅಂಕಲ್.