ಹೇಳದೆ ಕಳೆದ ಮೂರು ದಿನ

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಹದಿನಾಲ್ಕು ವರ್ಷದಿಂದ ನಿಂತವಳನ್ನು ಬೀದಿಯವರೆಲ್ಲ ಮಾತ್ರೆ ಅಕ್ಕ ಎಂದೇ ಕರೆಯುತ್ತಿದ್ದರು. ಕಾಂಡೋಮ್ ಬೇಕಾದವರು ಮೊದಲು ಕೆಮ್ಮಿನ ಔಷಧಿ ಕೇಳಿ, ಆಮೇಲೆ ಗೋಡೆ ನೋಡುತ್ತಾ "ಅದೊಂದು ಪ್ಯಾಕೆಟ್ಟು" ಎನ್ನುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. "ಬಿಗಿ ಆಗುತ್ತಾ? ಈ ಅಗಲದ್ದು ತಗೊಳ್ಳಿ. ರಬ್ಬರಿಗೆ ತುರಿಕೆ ಬರುತ್ತೆ ಅಂದ್ರೆ ಇದು. ಎಣ್ಣೆ ಹಚ್ಬೇಡಿ, ಹರಿಯುತ್ತೆ. ರೋಗಕ್ಕೂ ಇದೇ ಕಾವಲು," ಎಂದು ಜ್ವರದ ಮಾತ್ರೆ ಕೊಟ್ಟಷ್ಟೇ ಸಲೀಸಾಗಿ ಹೇಳುತ್ತಿದ್ದಳು.

ಮನೆಯಲ್ಲಿ ಮಾತ್ರ ಇದೇ ವಿಷಯಕ್ಕೆ ಅವಳ ನಾಲಿಗೆ ಏಳುತ್ತಿರಲಿಲ್ಲ.

ಮಗಳನ್ನು ಹೆತ್ತಾಗ ಅವಳ ಹೃದಯ ಸೋತು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದಳು. "ಇನ್ನೊಂದು ಬಸಿರು ನಿಮ್ಮ ಪ್ರಾಣಕ್ಕೇ ಕುತ್ತು ತರಬಹುದು," ಎಂದಿದ್ದರು ಡಾಕ್ಟರಮ್ಮ. ದಿನಾ ನುಂಗುವ ಗುಳಿಗೆ ಆ ಹೃದಯಕ್ಕೆ ಆಗದು, ಮಕ್ಕಳಾಗದ ಆಪರೇಷನ್ನನ್ನೂ ಅದು ತಡೆಯದು. ಕಾಪರ್ ಟಿ ಹಾಕಿಸಿದರೆ ರಕ್ತ ನಿಲ್ಲಲಿಲ್ಲ, ತೆಗೆಸಬೇಕಾಯಿತು. ಉಳಿದದ್ದು ಗಂಡನ ಕೈಯಲ್ಲಿದ್ದ ದಾರಿ.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಟ್ಟವನಲ್ಲ. "ಉಸಿರು ಕಟ್ಟಿದ ಹಾಗಾಗುತ್ತೆ ಕಣೇ," ಎಂದು ಗೊಣಗಿದ. ಅವಳು ಅಂಗಡಿಯಿಂದ ಮೂರು ಬಗೆಯ ಕಾಂಡೋಮ್ ತಂದು ದಿಂಬಿನ ಮೇಲಿಟ್ಟಳು.

"ಚಪ್ಪಲಿ ಅಂಗಡೀಲಿ ಅಳತೆ ನೋಡಿದ ಹಾಗೆ ನೋಡ್ಬೇಕಾ?" ಎಂದು ನಕ್ಕ.

ಮೂರನೆಯದು, ತುಸು ಅಗಲದ್ದು, ತೆಳುವಾದದ್ದು, ಹೊಂದಿತು. "ಇದು ಪರವಾಗಿಲ್ಲ," ಎಂದ. ಎರಡು ವರ್ಷ ಹಾಗೇ ಸಾಗಿತು.

ಒಂದೂವರೆ ಕೋಣೆಯ ಮನೆ. ಒಂದು ದಿನ ಅತ್ತೆ ಬಟ್ಟೆ ಮಡಿಚುವಾಗ ಪ್ಯಾಕೆಟ್ ಉದುರಿತು. "ಓಹೋ, ಇದಕ್ಕೇನಾ ನನಗೆ ಮೊಮ್ಮಗ ಇಲ್ದಿರೋದು?" ಎಂದು ಎರಡು ಬೀದಿಗೆ ಕೇಳುವಂತೆ ಕೂಗಿದರು. ಡಾಕ್ಟರಮ್ಮನ ಮಾತು ಅವರಿಗೆ ಗೊತ್ತಿತ್ತು, ನಂಬಿರಲಿಲ್ಲ.

ಅಂದಿನಿಂದ ಗಂಡ ಅದನ್ನು ತನ್ನ ಪರ್ಸಿನಲ್ಲಿಟ್ಟುಕೊಳ್ಳತೊಡಗಿದ. ಪರ್ಸು ಪ್ಯಾಂಟಿನ ಹಿಂಜೇಬಿನಲ್ಲಿ, ದಿನವಿಡೀ ಬಿಸಿ ಎಂಜಿನ್ನುಗಳ ಕೆಳಗೆ ಅವನ ಮೈಭಾರಕ್ಕೆ ಉಜ್ಜಿಕೊಳ್ಳುತ್ತಿತ್ತು. "ಎಲ್ಲಿಟ್ಟಿದೀರಿ?" ಎಂದು ಅವಳು ಕೇಳಿದ್ದಳು. "ಭದ್ರವಾಗಿದೆ ಬಿಡು," ಎಂದಿದ್ದ.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಮೊಮ್ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋಗಿದ್ದರು. ಅಂದು ಇಬ್ಬರೂ ಕೂಡಿದ ಮೇಲೆ ಗಂಡ ಬಚ್ಚಲಿನಿಂದ ಬರಲು ತುಸು ಹೆಚ್ಚು ಹೊತ್ತು ತೆಗೆದುಕೊಂಡ. ಅಷ್ಟೇ.

ಮುಂದಿನ ತಿಂಗಳು ಮುಟ್ಟು ತಪ್ಪಿತು. ಅಂಗಡಿಯಿಂದಲೇ ಪರೀಕ್ಷೆಯ ಕಡ್ಡಿ ತಂದು ನೋಡಿದಳು. ಎರಡು ಗೆರೆ.

ಗಂಡ ಕಡ್ಡಿಯನ್ನು ನೋಡಿ ಗೋಡೆಗೊರಗಿದ. "ಆ ಭಾನುವಾರ ಅದು ಹರಿದಿತ್ತು," ಎಂದ.

"ಯಾಕೆ ಹೇಳ್ಲಿಲ್ಲ?"

"ಹೆದರ್ಕೋತೀಯ ಅಂತ. ಏನೂ ಆಗಲ್ಲ ಅಂದ್ಕೊಂಡೆ."

"ಮೂರು ದಿನದೊಳಗೆ ಒಂದೇ ಸಲ ನುಂಗೋ ಮಾತ್ರೆ, ಈ ಹೃದಯಕ್ಕೂ ತೊಂದರೆ ಇಲ್ಲದ್ದು, ನನ್ನ ಕೈಯಳತೇಲಿತ್ತು ಕಣ್ರೀ. ದಿನಾ ನಾನೇ ಧೂಳು ಒರೆಸೋ ಡ್ರಾಯರು ಅದು."

ಅವನು ಮುಖ ಮುಚ್ಚಿಕೊಂಡು ಅತ್ತ. ಮರುದಿನವೇ ಇಬ್ಬರೂ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ತಡಮಾಡದೆ ಬಸಿರು ತೆಗೆದರು. ಅತ್ತೆಯ ಹತ್ತಿರ, ಇವಳಿಗೆ ಹೊಟ್ಟೆನೋವೆಂದು ಹೇಳಿದ್ದಾಯಿತು. ಹೊರಡುವಾಗ ಡಾಕ್ಟರಮ್ಮ ಗಂಡನನ್ನು ಕೂರಿಸಿಕೊಂಡು, "ಮುಂದೆ ಮಕ್ಕಳಾಗದ ಹಾಗೆ ನಿಮಗೆ ಮಾಡೋದು ಸಣ್ಣ ಆಪರೇಷನ್ನು. ಅವತ್ತೇ ಮನೆಗೆ ಹೋಗಬಹುದು," ಎಂದರು.

"ಯೋಚನೆ ಮಾಡ್ತೀನಿ," ಎಂದ.

ಐದು ತಿಂಗಳಾಯಿತು. ಅವನ ಹಾಸಿಗೆ ಮಗಳ ಆಚೆ ಬದಿಗೆ ಸರಿದಿದೆ. ಅವಳಿಗೆ ಭಾರ ಎತ್ತಲು ಬಿಡುವುದಿಲ್ಲ, ನೀರನ್ನು ತಾನೇ ಹೊರುತ್ತಾನೆ. ಡಾಕ್ಟರಮ್ಮನ ಮಾತೆತ್ತಿದರೆ "ನೋಡೋಣ" ಎನ್ನುತ್ತಾನೆ. ಇವತ್ತಾದರೂ ಗಟ್ಟಿಯಾಗಿ ಕೇಳಿಬಿಡಬೇಕು ಎಂದುಕೊಂಡು ಅವಳು ಅಂಗಡಿಯಿಂದ ಬರುತ್ತಾಳೆ. ಅವನು ಸೌಟು ಹಿಡಿದು, "ಉಪ್ಪು ಕಡಿಮೆ ಹಾಕಿದೀನಿ, ಬಾ, ಊಟ ಮಾಡು," ಎನ್ನುತ್ತಾನೆ. ಅವಳು ತಟ್ಟೆ ಎಳೆದುಕೊಳ್ಳುತ್ತಾಳೆ.