ಕೆಳಮನೆಯವರು ಕೇಳಿದ ಕಾಫಿ ಚರಟ

ಮದುವೆ ಮುರಿದ ಮೇಲೆ ನಾನೇ ಕೇಳಿಕೊಂಡು ನಾಗಮಂಗಲಕ್ಕೆ ವರ್ಗ ಮಾಡಿಸಿಕೊಂಡೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಊರಿನಲ್ಲಿ ಗೊತ್ತಿದ್ದವರು ಯಾರೂ ಇರಲಿಲ್ಲ. ಆಗ ನನಗೆ ಬೇಕಾಗಿದ್ದದ್ದೂ ಅದೇ. ಅಕ್ಕಸಾಲಿಗರೊಬ್ಬರ ಮನೆಯ ಮಹಡಿಯಲ್ಲಿ ಒಂದು ಕೋಣೆ, ಪುಟ್ಟ ಅಡುಗೆಮನೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಯಜಮಾನರು, ಅವರ ಮಗಳು, ಅಳಿಯ. ಮಗಳು ಅಳಿಯ ಬೆಳಿಗ್ಗೆ ತಮ್ಮ ಅಂಗಡಿಗೆ ಹೋದರೆ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಯಜಮಾನರಿಗೆ ಕೈ ನಡುಕ ಬಂದು ಕೆಲಸ ಬಿಟ್ಟುಹೋಗಿತ್ತು. ಹಗಲೆಲ್ಲ ಜಗುಲಿಯ ಮೇಲೆ ಒಬ್ಬರೇ ಕೂತಿರುತ್ತಿದ್ದರು.

ನನ್ನ ಮನೆಯಲ್ಲಿ ದಿನವೂ ತಪ್ಪದೆ ನಡೆಯುತ್ತಿದ್ದ ಕೆಲಸವೆಂದರೆ ಫಿಲ್ಟರ್ ಕಾಫಿ ಒಂದೇ. ಉಳಿದ ಚರಟವನ್ನೂ ಬಿಸಾಡುತ್ತಿರಲಿಲ್ಲ. ಲ್ಯಾಬಿನಿಂದ ಬಂದ ಮೇಲೆ ಒಂದು ಚಿಟಿಕೆ ತೆಗೆದುಕೊಂಡು ಕೈ ಉಜ್ಜಿದರೆ ಸ್ಪಿರಿಟ್ ವಾಸನೆ ಹೋಗುತ್ತಿತ್ತು. ತಳ ಹಿಡಿದ ಪಾತ್ರೆಗೂ ಅದೇ. ವಾಸನೆ ಹೀರಲೆಂದು ಒಣಗಿಸಿ ಬಟ್ಟಲಿಗೆ ಹಾಕಿ ಫ್ರಿಜ್ಜಿನಲ್ಲೂ ಇಡುತ್ತಿದ್ದೆ. ಮಿಕ್ಕಿದ್ದನ್ನು ಸಿಂಕಿಗೆ ಸುರಿದು ಒಮ್ಮೆ ಪೈಪು ಕಟ್ಟಿಕೊಂಡಿತು. ಯಜಮಾನರು ಮೆಟ್ಟಿಲು ಹತ್ತಿ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಮೆಲ್ಲಗೆ, "ಮೋರಿಗೆ ಬುಡಬ್ಯಾಡಿ ಕಣವ್ವ. ನಂಗೇ ಕೊಟ್ಬುಡಿ, ಕರಿಬೇವಿನ ಗಿಡಕ್ಕೆ ಆಕ್ತೀನಿ" ಎಂದರು.

ಅಂದಿನಿಂದ ಕೆಲಸಕ್ಕೆ ಹೊರಡುವಾಗ ಚರಟವನ್ನು ಒಂದು ಸ್ಟೀಲ್ ಬಟ್ಟಲಲ್ಲಿ ಹಾಕಿ ಅವರ ಕೈಗೆ ಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ನನ್ನ ಮಾತೆಲ್ಲ ತೋಳು ಮಡಿಸಿ, ಮುಷ್ಟಿ ಕಟ್ಟಿ, ನಾಳೆ ಬನ್ನಿ ಎನ್ನುವಷ್ಟೇ. ರಜದ ದಿನ ಅದೂ ಇಲ್ಲ. ಹಾಗಾಗಿ ಬಟ್ಟಲು ಕೊಡುವಾಗ ಅವರೊಂದಿಗೆ ಆಡುವ ತಿಂಡಿ ಆಯಿತಾ, ಆಯಿತು ಎನ್ನುವ ಎರಡು ಮಾತಿಗಾಗಿ ಕೆಲವು ದಿನ ಬೇಕಿಲ್ಲದಿದ್ದರೂ ಇನ್ನೊಂದು ಚಮಚ ಪುಡಿ ಹಾಕುತ್ತಿದ್ದೆ.

ಪೇಂಟ್ ಡಬ್ಬದಲ್ಲಿದ್ದ ಆ ಕರಿಬೇವು ಮಾತ್ರ ಚಿಗುರಲೇ ಇಲ್ಲ. ಕೇಳಿದರೆ ಯಜಮಾನರು, ಅದರ ಜಾತಿಯೇ ಅಂಥದ್ದು ಎಂದು ಮಾತು ತೇಲಿಸುತ್ತಿದ್ದರು.

ಒಂದು ದಿನ ಜ್ವರ ಬಂದು ಮಧ್ಯಾಹ್ನಕ್ಕೇ ಮನೆಗೆ ಬಂದೆ. ಜಗುಲಿ ಖಾಲಿ ಇತ್ತು. ಹಿತ್ತಲಲ್ಲಿ ಹೊಗೆ ಕಂಡು ಹೋಗಿ ನೋಡಿದೆ. ಚಿನ್ನ ಕಾಯಿಸುತ್ತಿದ್ದ ಕಾಲದ ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿಕೊಂಡು, ಅದರ ಮೇಲೆ ನೀರು ಕಾಯಿಸಿ, ನಾನು ಕೊಟ್ಟ ಚರಟವನ್ನು ಪಂಚೆಯ ತುಂಡಿಗೆ ಹಾಕಿ ಯಜಮಾನರು ಲೋಟಕ್ಕೆ ಬಸಿದುಕೊಳ್ಳುತ್ತಿದ್ದರು. ಕೈ ನಡುಗಿ ಅರ್ಧ ನೀರು ನೆಲಕ್ಕೆ ಬೀಳುತ್ತಿತ್ತು. ಕಾಫಿ ಕುಡಿದರೆ ನಡುಕ ಹೆಚ್ಚುತ್ತದೆ ಎಂದು ಡಾಕ್ಟರು ನಿಲ್ಲಿಸಿದ್ದರು ಎನ್ನುವುದು ಆಮೇಲೆ ಗೊತ್ತಾಯಿತು. ಮಗಳು ಪುಡಿಯ ಡಬ್ಬವನ್ನೇ ಮನೆಯಲ್ಲಿ ಇಟ್ಟಿರಲಿಲ್ಲ.

ನನ್ನನ್ನು ನೋಡಿ ಅವರು ಲೋಟ ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ.

"ನನ್ ಮಗಳಿಗೆ ಯೋಳ್ಬ್ಯಾಡಿ ಕಣವ್ವ."

ಬರೀ ಕಂದು ನೀರು ಅದು, ರುಚಿ ಏನಿದೆ ಅದರಲ್ಲಿ ಎಂದೆ.

"ರುಚಿ ಎಲ್ಲದೆ? ಒಬ್ನೇ ಕೂತಿರೋವಾಗ ಕೈಲಿ ಬಿಸಿ ಲೋಟ ಇದ್ರೆ ಯಾರೋ ಜೊತೇಲವ್ರೆ ಅನ್ನಂಗಾಯ್ತದೆ. ಅಷ್ಟೇಯ."

ಜ್ವರಕ್ಕೋ ಆ ಮಾತಿಗೋ, ನನಗೆ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಬೇಕೆನಿಸಿತು. ಕೂತೆ. ಕೆಂಡ ಬೂದಿಯಾಗುವವರೆಗೆ ಇಬ್ಬರೂ ಅಲ್ಲೇ ಇದ್ದೆವು.

ಮಗಳಿಗೆ ನಾನು ಹೇಳಲಿಲ್ಲ. ಜ್ವರ ಬಿಟ್ಟ ಮೇಲೆ ಸಂಜೆ ಡ್ಯೂಟಿ ಮುಗಿಸಿ ಬಂದು ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಎರಡು ಲೋಟ ಕೆಳಗೆ ತಂದೆ. ಯಜಮಾನರು ಮೂಸಿ ನೋಡಿ, ಇದೇನು ಬಾಣಂತಿಗೆ ಕೊಡೋದು ಎಂದು ಮುಖ ಕಿವುಚಿದರು. ಆದರೆ ಕುಡಿದರು. ಅದು ರೂಢಿಯಾಯಿತು. ಅವರು ಮೂಗುತಿ ಮಾಡುತ್ತಿದ್ದ ದಿನಗಳ ಬಗ್ಗೆ ಹೇಳುತ್ತಿದ್ದರು. ಬಿಟ್ಟುಬಂದ ಮನೆಯ ಬಗ್ಗೆ ನಾನು ಒಮ್ಮೆ ಸ್ವಲ್ಪ ಹೇಳಿದೆ. ಅವರು ಬುದ್ಧಿವಾದ ಹೇಳದೆ ಕೇಳಿಸಿಕೊಂಡರು. ಚರಟ ಈಗ ನಿಜವಾಗಿಯೂ ಗಿಡಕ್ಕೆ ಹೋಗತೊಡಗಿತು. ದಿನಾ ಸುರಿದರೆ ಮೇಲೆ ಬೂಷ್ಟು ಬರುತ್ತದೆಂದು ಒಣಗಿಸಿ, ಸಗಣಿ ಗೊಬ್ಬರಕ್ಕೆ ಬೆರೆಸಿ ಆಗಾಗ ಹಾಕುತ್ತಿದ್ದೆವು. ಮಳೆ ಬಿದ್ದ ಮೇಲೆ ಕರಿಬೇವು ಚಿಗುರಿತು.

ಮುಂದಿನ ವರ್ಷ ಅಳಿಯ ಅಂಗಡಿಯನ್ನು ಕೆ.ಆರ್. ಪೇಟೆಗೆ ಬದಲಾಯಿಸಿದರು, ಮನೆಯವರೆಲ್ಲ ಅಲ್ಲಿಗೇ ಹೊರಟರು. ಅಲ್ಲಿ ಅಳಿಯನ ಅಣ್ಣತಮ್ಮಂದಿರೆಲ್ಲ ಇದ್ದರು. ಸಾಮಾನು ತುಂಬಿದ ಗಾಡಿಯ ಮುಂದಿನ ಸೀಟಿನಲ್ಲಿ ಕೂತ ಯಜಮಾನರು ಗಿಡ ನೋಡ್ಕೊಳ್ಳಿ ಎಂದಷ್ಟೇ ಹೇಳಿದರು. ಕೆಳಮನೆಗೆ ಬಂದ ಹೊಸ ಬಾಡಿಗೆದಾರರು ಒಳ್ಳೆಯವರೇ, ಆದರೆ ಸದಾ ಬಾಗಿಲು ಮುಚ್ಚಿಕೊಂಡಿರುತ್ತಿದ್ದರು.

ಕೆಲವು ವಾರ ತಡೆದು, ಒಂದು ಭಾನುವಾರ ಕೆ.ಆರ್. ಪೇಟೆಗೆ ಹೋದೆ. ಯಜಮಾನರು ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ನಕ್ಕು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಎಲ್ಲರಿಗೂ ನಮ್ಮ ಮಹಡಿ ಮನೆಯವರು ಎಂದು ಹೇಳಿದರು. ಬಂದವರು ಹೋದವರ ಮಾತಿನ ನಡುವೆ ನಮಗೆ ಏನೂ ಆಡಲಾಗಲಿಲ್ಲ. ಅವರ ಮುಖ ತುಂಬಿಕೊಂಡಿತ್ತು. ಸಂತೋಷಪಡಬೇಕಾಗಿತ್ತು, ಪಟ್ಟೆ ಕೂಡ. ಆದರೆ ಅಷ್ಟು ದಿನ ನಾನು ಅವರಿಗೆ ಜೊತೆಯಾಗಿದ್ದೇನೆ ಎಂದುಕೊಂಡಿದ್ದೆ. ಅವರು ನನಗೆ ಜೊತೆಯಾಗಿದ್ದರು ಎನ್ನುವುದು ಆ ಬೆಂಚಿನ ತುದಿಯಲ್ಲಿ ಕೂತಾಗ ತಿಳಿಯಿತು.

ಹೊರಡುವಾಗ ಅವರು ಬಾಗಿಲವರೆಗೆ ಬಂದು, "ಬರೋ ವಾರನೂ ಬತ್ತೀಯೇನವ್ವ?" ಎಂದರು. ಅದೇ ಮೊದಲು ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು. ಡ್ಯೂಟಿ ಇದೆ ಎಂದೆ. ಇರಲಿಲ್ಲ.

ಅವರು ಕರೆದ ಆ ಮುಂದಿನ ಭಾನುವಾರವನ್ನು ಮನೆಯಲ್ಲೇ ಮಲಗಿ ಕಳೆದೆ. ಅದರ ಮುಂದಿನ ಭಾನುವಾರ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ.